ಕಬ್ಬಿನ ಹಂಗಾಮಿನ ಗಡಿಬಿಡಿ: ವೆಲ್ಡಿಂಗ್ ವೈರ್ ಫೀಡರ್ ಮುಟ್ಟುವಾಗ ಹುಷಾರ್!

ಚಿಕ್ಕೋಡಿ: ಕಬ್ಬಿನ ಹಂಗಾಮು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ವೆಲ್ಡಿಂಗ್ ಅಂಗಡಿಗಳಲ್ಲಿ ಟ್ರೇಲರ್ ರಿಪೇರಿ ಜೋರು. ಗಡಿಬಿಡಿಯಲ್ಲೇ ಅನಾಹುತ ಆಗೋದು. ಮಿಗ್ ಮಷಿನ್ ಇಟ್ಟವರು ಇದನ್ನು ಓದಿ.

ಕರೆಂಟ್ ಎಲ್ಲೆಲ್ಲಿ?
ವೈರ್ ಫೀಡರ್‌ನ ರೋಲರ್‌ಗಳು ಸುರುಳಿಯಿಂದ ತಂತಿ ಎಳೆದು ಗನ್‌ಗೆ ತಳ್ಳುತ್ತವೆ. ಟ್ರಿಗರ್ ಒತ್ತಿದಾಗ ಗನ್ ತುದಿಯಲ್ಲಷ್ಟೇ ಅಲ್ಲ, ರೋಲರ್, ಸುರುಳಿಯ ತಂತಿಯಲ್ಲೂ ಕರೆಂಟ್ ಇರುತ್ತದೆ. ಹಾಗಾಗಿ ಸುರುಳಿ ಬದಲಿಸುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ. ಫೀಡರ್ ಮುಚ್ಚಳ ತೆರೆದಿಟ್ಟು ಕೆಲಸ ಬೇಡ. ರೋಲರ್‌ಗೆ ಬೆರಳು ಸಿಕ್ಕೀತು. ತಂತಿ ಬಿಡುವಾಗ ಗನ್ ಮುಖದ ಕಡೆ ಹಿಡಿಯಬೇಡಿ, ಕಣ್ಣಿಗೆ ಚುಚ್ಚೀತು.

ತಂತಿ ಸಿಕ್ಕಾಗುತ್ತಿದೆಯೇ?
'ರೋಲರ್ ಇನ್ನಷ್ಟು ಟೈಟ್ ಮಾಡೋಣ' ಅನ್ನಬೇಡಿ. ಅತಿ ಬಿಗಿಯಾದರೆ ತಂತಿ ಚಪ್ಪಟೆಯಾಗಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಮೊದಲು ಗನ್ ತುದಿಯ ಟಿಪ್ ಕಟ್ಟಿದೆಯೇ, ಸವೆದಿದೆಯೇ ನೋಡಿ. ತಂತಿ 0.8 ಮಿ.ಮೀ. ಇದ್ದರೆ ರೋಲರ್ ಗಾಡಿ, ಟಿಪ್ ಎರಡೂ ಅದೇ ಅಳತೆಯದಿರಲಿ. ಸುರುಳಿ ಬದಲಿಸಿದಾಗ ಕೇಬಲ್ ಒಳಗಿನ ಲೈನರ್‌ಗೆ ಗಾಳಿ ಹೊಡೆದು ಧೂಳು ತೆಗೆಯಿರಿ. ತುಕ್ಕು ಹಿಡಿದ ತಂತಿ ಬಳಸಬೇಡಿ.

ಇದನ್ನೂ ಮರೆಯಬೇಡಿ
ಗ್ಯಾಸ್ ಸಿಲಿಂಡರ್ ನಿಲ್ಲಿಸಿ ಸರಪಳಿ ಬಿಗಿಯಿರಿ. ಅಂಗಡಿಗೆ ಗಾಳಿಯಾಡಲಿ, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ತುಂಬಿದರೆ ಉಸಿರು ಕಟ್ಟುತ್ತದೆ. ಟ್ರೇಲರ್‌ನಲ್ಲಿ ಸಿಕ್ಕ ರವದಿ ತೆಗೆದ ಮೇಲೆಯೇ ಕಿಡಿ ಹಚ್ಚಿ.

ಟ್ರೇಲರ್ ಒಂದು ತಾಸು ತಡವಾದರೆ ನಡೀತದ್ರಿ, ಬೆರಳು ಹೋದ್ರ ಮತ್ತ ಬರೂದಿಲ್ಲ.