ಕೃತಕ ಎಂದರೆ ಹುಸಿಯಲ್ಲ

ನ್ಯಾಮತಿ ಸೀಮೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಹಳೆ ಶಿಲಾಯುಗದ ಕಲ್ಲಿನ ಉಪಕರಣಗಳು ಸಿಕ್ಕಿದ್ದವು. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಕೈಕೊಡಲಿಯೊಂದನ್ನು ಗುರುತಿಸಿ, ನಮ್ಮ ಪ್ರಾಗಿತಿಹಾಸದ ಬಾಗಿಲು ತೆರೆದವರು ಇವರೇ. ನೆಲದಲ್ಲಿ ಬಿದ್ದ ಸಾವಿರ ಕಲ್ಲುಗಳ ನಡುವೆ ಇದೊಂದು ಮನುಷ್ಯ ಮಾಡಿದ್ದು ಎಂದು ತಿಳಿಯುವುದು ಹೇಗೆ?

ಕೈಯಲ್ಲಿ ಹಿಡಿದು ಹೊರಳಿಸಿ ನೋಡಬೇಕು. ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಬಿಗಿಯಾಗಿ ಹೊಡೆದರೆ ಚಕ್ಕೆ ಏಳುತ್ತದೆ. ಆ ಚಕ್ಕೆಯ ಒಳಮೈಯಲ್ಲಿ, ಏಟು ಬಿದ್ದ ಜಾಗದ ಕೆಳಗೆ, ಬೆರಳಿಗೆ ಸಿಗುವಂಥ ಸಣ್ಣ ಉಬ್ಬು. ಮೂಲ ಕಲ್ಲಿನಲ್ಲಿ ಅದಕ್ಕೆ ಹೊಂದುವ ಕುಳಿ. ಹೊಳೆಯಲ್ಲಿ ಉರುಳಿದ ಕಲ್ಲಿನಿಂದಲೂ ಒಂದೆರಡು ಚಕ್ಕೆ ಹಾರಬಹುದು. ಆದರೆ ಎರಡೂ ಮಗ್ಗುಲಿಂದ, ಒಂದರ ಪಕ್ಕ ಒಂದು ಏಟು ಬಿದ್ದು ಅಂಚು ಹರಿತವಾಗಿದ್ದರೆ, ಅಲ್ಲಿ ಕೈಯೊಂದು ಯೋಚಿಸಿ ಕೆಲಸ ಮಾಡಿದೆ.

ಇಂಥದ್ದಕ್ಕೆ ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಆರ್ತೆ ಎಂದರೆ ಕೌಶಲದಿಂದ, ಫಾಕ್ತುಂ ಎಂದರೆ ಮಾಡಿದ್ದು. ಆರ್ಟಿಫಿಷಿಯಲ್ ಕೂಡ ಇದೇ ಬಳ್ಳಿಯದು. ನಮ್ಮ ‘ಕೃತಕ’ದ ಬೇರೂ ‘ಮಾಡು’ ಎಂಬ ಅರ್ಥದ ಸಂಸ್ಕೃತ ಧಾತುವೇ. ಕೃತಕ ನಗು, ಕೃತಕ ಬಣ್ಣ ಎನ್ನುತ್ತ ನಾವು ಆ ಪದವನ್ನು ಹುಸಿಯ ಜೊತೆ ಕಟ್ಟಿಹಾಕಿದ್ದೇವೆ. ಇದು ಮಾಡುವ ಕೈಗೆ ಮಾಡಿದ ಅನ್ಯಾಯ.

ಪ್ರಯೋಗಾಲಯದಲ್ಲಿ ಮಾತ್ರ ಆರ್ಟಿಫ್ಯಾಕ್ಟ್ ಎಂಬ ಪದಕ್ಕೆ ಅಳುಕಿನ ಅರ್ಥವಿದೆ. ಇಸಿಜಿ ತೆಗೆಯುವಾಗ ರೋಗಿ ಚಳಿಗೆ ನಡುಗಿದರೆ ಕಾಗದದ ಗೆರೆಯೂ ನಡುಗುತ್ತದೆ. ಅದು ಹೃದಯದ್ದಲ್ಲ, ಸ್ನಾಯುವಿನದು. ವೈದ್ಯರು ಅದನ್ನೂ ಆರ್ಟಿಫ್ಯಾಕ್ಟ್ ಎಂದೇ ಕರೆದು ಬದಿಗಿಡುತ್ತಾರೆ. ಇಲ್ಲೂ ಕೇಳುವುದು ಅದೇ ಪ್ರಶ್ನೆ: ಇದು ತಾನಾಗಿ ಇದ್ದದ್ದೋ, ನಡುವೆ ಹುಟ್ಟಿಕೊಂಡದ್ದೋ?

ಈ ಪ್ರಶ್ನೆಯನ್ನು ನೀರಿಗೂ ಹಾಕಬಹುದು. ಹೊನ್ನಾಳಿಯ ಪಕ್ಕ ಹರಿಯುವ ತುಂಗಭದ್ರೆ ತಾನಾಗಿ ಇದ್ದದ್ದು. ಅದೇ ಹೊಳೆಯ ನೀರನ್ನು ಮೇಲೆತ್ತಿ ಬರದ ಸೀಮೆ ಜಗಳೂರಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ಮನುಷ್ಯರದು. ಆ ಕೆರೆಗಳೂ ಮನುಷ್ಯರವೇ. ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರದ ಏರಿಯ ಮೇಲೆ ನಿಂತವರಿಗೆ ಅದೂ ಮನುಷ್ಯರದೆಂದು ತಟ್ಟನೆ ಹೊಳೆಯುವುದಿಲ್ಲ. ದಡ ಕಾಣದಷ್ಟು ನೀರು, ಸುತ್ತ ಗುಡ್ಡ. ಹರಿದ್ರಾ ಹಳ್ಳ ಎರಡು ಗುಡ್ಡಗಳ ಸಂದಿನಲ್ಲಿ ನುಸುಳುವ ಇಕ್ಕಟ್ಟನ್ನು ಯಾರೋ ಕಣ್ಣಿಟ್ಟು ಆರಿಸಿ, ಅಲ್ಲಿ ಮಾತ್ರ ಏರಿ ಹಾಕಿದರು. ಉಳಿದ ಗೋಡೆಯೆಲ್ಲ ಗುಡ್ಡಗಳದ್ದೇ. ಶಾಂತವ್ವ ಎಂಬವಳು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ನೀರು ಬಿಡಲು ಎರಡು ತೂಬು. ಒಂದರ ಹೆಸರು ಸಿದ್ಧ, ಇನ್ನೊಂದರದು ಬಸವ.