ಜಾಮೀನು, ಹೊಣೆ, ಪಿಣೈ: ಒಂದು ಸಹಿಯ ತೂಕ

ಡೆಂಕಣಿಕೋಟೆ, ಹೊಸೂರು ಕಡೆಯ ನಮ್ಮವರು ತಮಿಳಿನಲ್ಲಿರುವ ಸಾಲದ ಅರ್ಜಿಗಳಿಗೆ ಸಹಿ ಹಾಕುವುದು ಸಾಮಾನ್ಯ. ಅಲ್ಲಿ 'ಜಾಮೀನ್‌ದಾರರ್' ಅಥವಾ 'ಪಿಣೈ' ಎಂದಿದ್ದರೆ ಅದು ಸಾಕ್ಷಿಯ ಸಹಿಯಲ್ಲ, ಹೊಣೆಗಾರನ ಸಹಿ. ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು.

'ಜಾಮೀನು' ಅರಬ್ಬಿ ಮೂಲದ ಪದ. 'ಹೊಣೆ' ನಮ್ಮದೇ, ಹಳಗನ್ನಡದಲ್ಲಿ ಅದು 'ಪೊಣೆ'. ಆಡುಮಾತಿನಲ್ಲಿ "ಅದಕ್ಕೆ ನಾನು ಹೊಣೆ" ಎಂದವರು ಮಾತು ತಪ್ಪಿದರೆ ಮರ್ಯಾದೆ ಹೋಗುತ್ತದೆ. ಕಾಗದದ ಮೇಲೆ ಹೊಣೆ ಹೊತ್ತವರಿಗೆ ಆಸ್ತಿಯೂ ಹೋಗಬಹುದು.

1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಮೊದಲು ಅವನನ್ನು ಕೇಳಿ, ಆಮೇಲೆ ನನ್ನನ್ನು" ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ರಕ್ಷಣೆಯೂ ಇದೆ. ನಿಮ್ಮ ಒಪ್ಪಿಗೆಯಿಲ್ಲದೆ ಕರಾರಿನ ಷರತ್ತು ಬದಲಿಸಿದರೆ, ಆಮೇಲಿನ ವ್ಯವಹಾರಕ್ಕೆ ನೀವು ಹೊಣೆಯಲ್ಲ (133ನೇ ಕಲಂ). ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕೂ ನಿಮಗಿದೆ (145ನೇ ಕಲಂ).

ಕೋರ್ಟಿನ ಜಾಮೀನು ಬೇರೆ. ಅಲ್ಲಿ ಹೊಣೆ ಆರೋಪಿ ಕರೆದಾಗ ಹಾಜರಾಗುವುದಕ್ಕೆ. ತಪ್ಪಿಸಿಕೊಂಡರೆ ಬಾಂಡಿನ ಮೊತ್ತ ಕಟ್ಟಬೇಕಾಗಬಹುದು. ಗಡಿಯಾಚೆ ನೆಂಟರಿರುವ ನಮಗೆ 1978ರ ಮೋತಿ ರಾಮ್ ತೀರ್ಪು ಮುಖ್ಯ. ಗಾರೆ ಕೆಲಸದ ಮೋತಿ ರಾಮ್‌ಗೆ ಅಣ್ಣತಮ್ಮಂದಿರಲ್ಲಿ ಒಬ್ಬರು ಜಾಮೀನು ನಿಂತರೂ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ಸುಪ್ರೀಂ ಕೋರ್ಟು ಅದು ತಪ್ಪೆಂದಿತು. ದೂರದ ಊರಿನಲ್ಲಿ ಬಂಧನವಾದ ಕನ್ನಡಿಗ ಅಲ್ಲೇ ಆಸ್ತಿಯಿರುವ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂಬ ಅರ್ಥದ ಪ್ರಶ್ನೆಯನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇಳಿದರು.

ಕ್ರೈಸ್ತ ಧರ್ಮಗ್ರಂಥದಲ್ಲೂ ಹೊಣೆಗೆ ಇದೇ ತೂಕ. ಪರರ ಸಾಲಕ್ಕೆ ಹೊಣೆ ನಿಲ್ಲಬೇಡ ಎಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ಆದಿಕಾಂಡದಲ್ಲಿ ತಮ್ಮ ಬೆನ್ಯಾಮೀನನಿಗೆ ಹೊಣೆಯಾದ ಯೆಹೂದನು, ತಮ್ಮನ ಬದಲು ತಾನೇ ಗುಲಾಮನಾಗಲು ಮುಂದೆ ಬರುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆ (7:22) ಯೇಸುವನ್ನು ಉತ್ತಮ ಒಡಂಬಡಿಕೆಯ ಹೊಣೆಗಾರನೆನ್ನುತ್ತದೆ. ಮನುಷ್ಯರ ಋಣವನ್ನು ಆತ ತನ್ನ ಪ್ರಾಣ ಕೊಟ್ಟು ತೀರಿಸಿದ ಎಂಬುದು ಕ್ರೈಸ್ತರ ನಂಬಿಕೆ.

ಮೂರು ಕಡೆಯೂ ಅರ್ಥ ಒಂದೇ: ಇನ್ನೊಬ್ಬರ ಜಾಗದಲ್ಲಿ ನಾವು ನಿಲ್ಲುವುದು. ಆದ್ದರಿಂದ ಸದಸ್ಯರೇ, ತಮಿಳು ಓದಲು ಬಾರದಿದ್ದರೆ ಬಲ್ಲವರಿಂದ ಪೂರ್ತಿ ಓದಿಸಿ, ಮೊತ್ತ ಮತ್ತು ಅವಧಿ ಕೇಳಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಅಷ್ಟೂ ಹಣವನ್ನು ನಾನೇ ಕಟ್ಟಬಲ್ಲೆನೇ ಎಂದು ಮನೆಯವರೊಂದಿಗೆ ಕೂತು ಲೆಕ್ಕ ಹಾಕಿದ ಮೇಲೆಯೇ ಸಹಿ ಹಾಕಿ.