ಶಾಶ್ವತ ವಾಸದ ಅರ್ಜಿ ಮತ್ತು ಊರಿನ ಪ್ರಯಾಣ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮಕ್ಕಳಿಗೆ “ಮದುವೆಗೆ ತಪ್ಪದೆ ಬಾ” ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಅವರು ಅಲ್ಲಿ ಶಾಶ್ವತ ವಾಸದ ಪರವಾನಗಿಗೆ, ಎಂದರೆ ಗ್ರೀನ್ ಕಾರ್ಡಿಗೆ, ಕಾದಿದ್ದರೆ ಪ್ರಯಾಣದ ದಿನವನ್ನು ಆ ದೇಶದ ಕಾನೂನನ್ನು ನೋಡಿಯೇ ಗೊತ್ತುಮಾಡಬೇಕು.

ಉದ್ಯೋಗದ ಆಧಾರದಿಂದ ಕೊಡುವ ಈ ಪರವಾನಗಿಗಳಲ್ಲಿ ಒಂದೊಂದು ದೇಶದವರಿಗೆ ಸುಮಾರು ಶೇಕಡ 7ರ ಮಿತಿಯುಂಟು. ಭಾರತೀಯರ ಸಂಖ್ಯೆ ಹೆಚ್ಚಾದುದರಿಂದ ನಮ್ಮವರು ವರ್ಷಗಟ್ಟಲೆ ಕಾಯಬೇಕು. ಯಾರ ಸರದಿ ಬಂದಿತೆಂಬುದನ್ನು ಅಲ್ಲಿನ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆಗ ಐ-485 ಎಂಬ ಅರ್ಜಿ ಸಲ್ಲಿಸುವವರು ಆ ದೇಶದೊಳಗೇ ಇರಬೇಕು. ಆ ತಿಂಗಳು ಊರಿನಲ್ಲಿ ಉಳಿದರೆ ಅವಕಾಶ ಕೈತಪ್ಪಬಹುದು. ಬಂದ ಸರದಿ ಮತ್ತೆ ಹಿಂದಕ್ಕೆ ಸರಿಯುವುದೂ ಉಂಟು.

ಅರ್ಜಿ ಕೊಟ್ಟ ಮೇಲೆ ಇನ್ನೊಂದು ಎಚ್ಚರಿಕೆ. ತೀರ್ಮಾನವಾಗುವ ಮೊದಲು ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ ಎಂಬುದು ಸಾಮಾನ್ಯ ನಿಯಮ. ಇದಕ್ಕೆ ಪರಿಹಾರ ‘ಅಡ್ವಾನ್ಸ್ ಪೆರೋಲ್’ ಎಂಬ ಮುಂಗಡ ಅನುಮತಿ. ಅದಕ್ಕೆ ಅರ್ಜಿ ಹಾಕಿದರೆ ಸಾಲದು, ಅನುಮತಿ ಕೈಗೆ ಬಂದ ಬಳಿಕವೇ ಹೊರಡಬೇಕು. ಎಚ್-1ಬಿ, ಎಲ್-1 ವೀಸಾದ ಮೇಲೆ ದುಡಿಯುವವರಿಗೆ ವಿನಾಯಿತಿಯುಂಟು. ಆದರೆ ಮರಳುವಾಗ ಆ ವೀಸಾ ಊರ್ಜಿತವಾಗಿರಬೇಕು, ಕೆಲಸವೂ ಅದೇ ಸಂಸ್ಥೆಯಲ್ಲಿರಬೇಕು. ವಿದ್ಯಾರ್ಥಿ ವೀಸಾದವರಿಗೆ ಈ ವಿನಾಯಿತಿಯಿಲ್ಲ.

ಹೆತ್ತವರ ಕಾಯಿಲೆ ಪಂಚಾಂಗ ನೋಡಿ ಬರುವುದಿಲ್ಲ. ಅಂಥ ತುರ್ತಿನಲ್ಲಿ ಬೇಗನೆ ಅನುಮತಿ ಕೋರುವ ದಾರಿಯಿದ್ದರೂ, ಮೂಲ ಅರ್ಜಿಯೊಡನೆಯೇ ಅದನ್ನೂ ಕೇಳಿಟ್ಟಿರುವುದು ಜಾಣತನ. ಮದುವೆಯ ದಿನವಾದರೋ ನಮ್ಮ ಕೈಯಲ್ಲಿದೆ. ಮುಹೂರ್ತ ಗೊತ್ತುಮಾಡುವ ಮೊದಲು ಮಗನನ್ನೋ ಮಗಳನ್ನೋ ಒಂದು ಮಾತು ಕೇಳುವುದು ಒಳ್ಳೆಯದು: “ನಿನ್ನ ಅರ್ಜಿ ಯಾವ ಹಂತದಲ್ಲಿದೆ? ಅನುಮತಿಪತ್ರ ಕೈಗೆ ಬಂದಿದೆಯೆ?”